60 ಕ್ಯಾಂಡಲ್ ಬಲ್ಬು ಕೊಡಿ

ಅಮ್ಮ ಇವತ್ತಿಗೂ ಅಂಗಡಿಗೆ ಹೋದರೆ ಕೇಳುವುದು ಹಾಗೇ. "60 ಕ್ಯಾಂಡಲ್ ಬಲ್ಬು ಒಂದು ಕೊಡಪ್ಪ." ಕೌಂಟರ್‌ನಲ್ಲಿದ್ದ ಹುಡುಗನಿಗೆ ಇಪ್ಪತ್ತು ಇಪ್ಪತ್ತೆರಡು ಇರಬಹುದು. ಕ್ಯಾಂಡಲ್ ಅಂದರೆ ಅವನಿಗೆ ಬರ್ತ್‌ಡೇ ಕೇಕು ನೆನಪಾಗುತ್ತದೆ. "ಅದೆಲ್ಲ ಈಗ ಬರಲ್ಲ ಅಮ್ಮ, 9 ವ್ಯಾಟ್ ತಗೊಳ್ಳಿ" ಅಂತ ಒಂದು ಡಬ್ಬಿ ತೆಗೆದ, ಟೆಸ್ಟಿಂಗ್ ಬೋರ್ಡಿಗೆ ಹಾಕಿ ಉರಿಸಿ ತೋರಿಸಿದ, ಬಲ್ಬಿನ ಕುತ್ತಿಗೆಯ ಮೇಲೆ ಮಾರ್ಕರ್‌ನಲ್ಲಿ ತಾರೀಖು ಗೀಚಿ ಕೊಟ್ಟ. ಯಾವ ಕೋಣೆಗೆ ಅಂತ ಅವನು ಕೇಳಲಿಲ್ಲ, ನಾವೂ ಹೇಳಲಿಲ್ಲ. ಯಾವ ಬಣ್ಣ ಅನ್ನೋ ಮಾತೇ ಬರಲಿಲ್ಲ. ಬಿಳಿ. ಇನ್ಯಾವುದು?

ಕ್ಯಾಂಡಲ್ ಅನ್ನೋ ಮಾತಿಗೆ ನಾನೂ ಒಳಗೊಳಗೇ ನಕ್ಕಿದ್ದೆ. ಮನೆಗೆ ಬಂದು ಲೆಕ್ಕ ಹಾಕಿದ ಮೇಲೆ ನಗು ನಿಂತಿತು. ಹಿಂದೆ ಬೆಳಕನ್ನು ಅಳೆಯುತ್ತಿದ್ದದ್ದೇ ಮೇಣದಬತ್ತಿಯಲ್ಲಿ. ಈ ದೀಪ ಎಷ್ಟು ಬತ್ತಿಗೆ ಸಮ ಅನ್ನುವುದೇ ಅಳತೆ. ವಿಜ್ಞಾನದಲ್ಲಿ ಈಗಲೂ ಬಳಸುವ ಕ್ಯಾಂಡೆಲಾ ಹುಟ್ಟಿದ್ದು ಅಲ್ಲಿಂದಲೇ. ದೀಪ ಚೆಲ್ಲುವ ಒಟ್ಟು ಬೆಳಕಿನ ಅಳತೆ ಲ್ಯೂಮೆನ್. ಒಂದು ಬತ್ತಿ ಸುತ್ತಲೂ ಚೆಲ್ಲುವ ಬೆಳಕು ಹೆಚ್ಚುಕಡಿಮೆ 12.5 ಲ್ಯೂಮೆನ್. ಹಳೇ 60 ವ್ಯಾಟಿನ ಬಲ್ಬು ಕೊಡುತ್ತಿದ್ದದ್ದು ಸುಮಾರು 700 ಲ್ಯೂಮೆನ್. ಭಾಗಿಸಿ ನೋಡಿ, 56 ಬತ್ತಿ. 100 ವ್ಯಾಟಿನದು ಸುಮಾರು 1,350 ಲ್ಯೂಮೆನ್, ಅಂದರೆ 108 ಬತ್ತಿ. ಸಣ್ಣ ಬಲ್ಬುಗಳಲ್ಲಿ ಈ ಲೆಕ್ಕ ಸ್ವಲ್ಪ ಕುಂಟುತ್ತದೆ, ಆದರೆ ಅಮ್ಮನ 60 ಕ್ಯಾಂಡಲ್ ಹತ್ತಿರ ಹತ್ತಿರ ಸರಿಯೇ. ಅವರು ಕೇಳುತ್ತಿದ್ದದ್ದು ಬೆಳಕು. ಆ ಹುಡುಗ ಉತ್ತರ ಕೊಟ್ಟದ್ದು ಕರೆಂಟಿನ ಲೆಕ್ಕದಲ್ಲಿ.

ನಮ್ಮ ಮನೆಗಳ ಬಲ್ಬಿನ ಗೊಂದಲವೆಲ್ಲ ಇಲ್ಲೇ ಇದೆ. ತಂತಿ ಕಾಯಿಸಿ ಉರಿಸುವ ಬಲ್ಬಿನ ಕಾಲದಲ್ಲಿ ವ್ಯಾಟ್ ಹೇಳಿದರೆ ಬೆಳಕು ಹೇಳಿದಂತೆಯೇ ಆಗುತ್ತಿತ್ತು, ಯಾಕೆಂದರೆ ಎಲ್ಲ ಬಲ್ಬುಗಳೂ ಒಂದೇ ಥರ ಕರೆಂಟ್ ಪೋಲು ಮಾಡುತ್ತಿದ್ದವು. ಹತ್ತರಲ್ಲಿ ಒಂಬತ್ತು ಪಾಲು ಬಿಸಿಯಾಗಿ ಹೋಗುತ್ತಿತ್ತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗೆ, ಈಗ ಕೆ.ಆರ್. ಮಾರುಕಟ್ಟೆ ಇರುವ ಕಡೆ, ಶಿವನಸಮುದ್ರದ ಕರೆಂಟಿನಿಂದ ಮೊದಲ ದೀಪ ಹತ್ತಿತಲ್ಲ, ಅಲ್ಲಿಂದ ಸುಮಾರು ನೂರು ವರ್ಷ ಮನೆಬಲ್ಬಿನ ಕಥೆ ಹೆಚ್ಚೇನೂ ಬದಲಾಗಲಿಲ್ಲ. ಎಲ್‌ಇಡಿ ಬಂದ ಮೇಲೆ ಆ ನಂಟು ಕಡಿಯಿತು. ಒಂದು ಒಳ್ಳೇ ಎಲ್‌ಇಡಿ ಒಂದು ವ್ಯಾಟಿಗೆ 100 ಲ್ಯೂಮೆನ್ ಕೊಡುತ್ತದೆ, ಇನ್ನೊಂದು 80ಕ್ಕೇ ನಿಲ್ಲುತ್ತದೆ. ಎರಡರ ಡಬ್ಬಿಯ ಮೇಲೂ ದಪ್ಪ ಅಕ್ಷರದಲ್ಲಿ ಇರುವುದು 9 ವ್ಯಾಟ್. ಲ್ಯೂಮೆನ್ ಎಷ್ಟು ಅಂತ ಹುಡುಕಲು ಡಬ್ಬಿ ತಿರುಗಿಸಿ ಕನ್ನಡಕ ಹಾಕಿಕೊಳ್ಳಬೇಕು.

ಇನ್ನು ಬಿಲ್ಲಿನ ಮಾತು. ಎಲ್‌ಇಡಿ ಹಾಕಿ ಕರೆಂಟ್ ಉಳಿಸಿ ಅಂತ ನಮಗೆ ಹತ್ತು ವರ್ಷ ಪಾಠ ಆಗಿದೆ. 2015ರ ಜನವರಿಯಲ್ಲಿ ಕೇಂದ್ರದ ಉಜಾಲಾ ಯೋಜನೆ ಶುರುವಾಯಿತು. ಅದೇ ವರ್ಷದ ಕೊನೆಗೆ ನಮ್ಮಲ್ಲಿ ಹೊಸ ಬೆಳಕು ಅನ್ನೋ ಹೆಸರಲ್ಲಿ ಬಂತು, 9 ವ್ಯಾಟಿನ ಬಲ್ಬಿಗೆ 100 ರೂಪಾಯಿ. ಕರೆಂಟ್ ಬಿಲ್ ಹಿಡಿದುಕೊಂಡು ಕ್ಯೂ ನಿಂತು ತಂದದ್ದು ನೆನಪಿರಬಹುದು. ಸರ್ಕಾರ ಸಗಟಾಗಿ ಕೊಳ್ಳುತ್ತಿದ್ದ ದರ 2014ರಲ್ಲಿ ಬಲ್ಬಿಗೆ 310 ರೂಪಾಯಿ ಇದ್ದದ್ದು 2016ರ ಹೊತ್ತಿಗೆ 38ಕ್ಕೆ ಇಳಿಯಿತು. ಇದು ನಿಜಕ್ಕೂ ದೊಡ್ಡ ಕೆಲಸ. ದಿನಕ್ಕೆ ಐದು ಗಂಟೆ ಉರಿಯುವ 60 ವ್ಯಾಟಿನ ಒಂದು ಬಲ್ಬು ತಿಂಗಳಿಗೆ 9 ಯೂನಿಟ್ ತಿನ್ನುತ್ತಿತ್ತು. ಈಗ 9 ವ್ಯಾಟಿನದು 1.35 ಯೂನಿಟ್. ಆರು ಬಲ್ಬಿನ ಮನೆಗೆ ಹೆಚ್ಚುಕಡಿಮೆ 46 ಯೂನಿಟ್ ಉಳಿತಾಯ.

ಆದರೆ ಆ ಉಳಿತಾಯ ಆಗಿ ಮುಗಿದಿದೆ. ಈಗ ಗೃಹಜ್ಯೋತಿಯಲ್ಲಿ 2022-23ರ ಸರಾಸರಿಯ ಮೇಲೆ ಸ್ವಲ್ಪ ಮಾತ್ರ ಅಂತ ಮಿತಿ ಇರುವುದರಿಂದ ಒಂದೊಂದು ಯೂನಿಟ್ ಎಣಿಸುವವರಿದ್ದಾರೆ. ಸಂಜೆ ಹಾಲಿನ ಲೈಟ್ ಆರಿಸಿ ಟಿವಿ ಬೆಳಕಲ್ಲೇ ಕೂರುವ ಮನೆ ನಾನು ನೋಡಿದ್ದೇನೆ. ಅಲ್ಲೇ ಬೆಳಗ್ಗೆ 2,000 ವ್ಯಾಟಿನ ಗೀಸರ್ ಅರ್ಧ ಗಂಟೆ ಉರಿಯುತ್ತದೆ. ಅದು ಒಂದು ಯೂನಿಟ್. ಅದೇ ಒಂದು ಯೂನಿಟ್‌ನಲ್ಲಿ 9 ವ್ಯಾಟಿನ ಬಲ್ಬು 111 ಗಂಟೆ ಉರಿಯುತ್ತದೆ. ದಿನಕ್ಕೆ ಐದು ಗಂಟೆಯಂತೆ ಹೆಚ್ಚುಕಡಿಮೆ 22 ದಿನ! ಬಲ್ಬಿನಲ್ಲಿ ಇನ್ನು ಹಿಂಡಲು ಏನೂ ಉಳಿದಿಲ್ಲ. 9ರ ಬದಲು 7 ಹಾಕೋಣ ಅಂತ ಕಣ್ಣಿಗೆ ಕಷ್ಟ ಕೊಡುವುದರಲ್ಲಿ ಅರ್ಥವೇ ಇಲ್ಲ. ಹಾಗಾಗಿ ಯಾವ ಕೋಣೆಗೆ ಎಂಥ ಬೆಳಕು ಬೇಕು ಅಂತ ನಾವು ಧಾರಾಳವಾಗಿ ಯೋಚಿಸಬಹುದು. ಆದರೂ ಯೋಚಿಸುತ್ತಿಲ್ಲ.

ಮನೆ ತುಂಬ ಒಂದೇ ಬಿಳಿ. ರಾತ್ರಿ ಎಂಟಕ್ಕೆ ಯಾವುದಾದರೂ ಹೊಸ ಬಡಾವಣೆಯಲ್ಲಿ ನಡೆದು ನೋಡಿ. ಹಾಲು, ಅಡುಗೆಮನೆ, ಮಲಗುವ ಕೋಣೆ, ದೇವರಮನೆ, ಗೇಟಿನ ಕಂಬ, ಎಲ್ಲ ಕಡೆ ನೀಲಿಗೆ ತಿರುಗಿದ ಅದೇ ಬೆಳಕು. ಆಸ್ಪತ್ರೆ ವಾರ್ಡಿನ ಹಾಗೆ. ಅದು 6500 ಕೆಲ್ವಿನ್, ಡಬ್ಬಿಯ ಮೇಲೆ ಕೂಲ್ ಡೇಲೈಟ್ ಅಂತ ಬರೆದಿರುತ್ತದೆ. ಕೆಲ್ವಿನ್ ಅಂದರೆ ಇಲ್ಲಿ ಬೆಳಕಿನ ಬಣ್ಣದ ಅಳತೆ. ಎಣ್ಣೆದೀಪ, ಮೇಣದಬತ್ತಿಯ ಬೆಳಕು 1900ರ ಆಸುಪಾಸು. ಹಳೇ ತಂತಿ ಬಲ್ಬು 2700. ಬೆಳದಿಂಗಳು 4000ದ ಸ್ವಲ್ಪ ಮೇಲೆ. ಮೋಡ ಕವಿದ ಮಧ್ಯಾಹ್ನ 6500. ಅಂದರೆ ನಾವು ರಾತ್ರಿ ಹತ್ತು ಗಂಟೆಗೆ ಮೋಡದ ಮಧ್ಯಾಹ್ನವನ್ನು ತಂದು ಮಂಚದ ಮೇಲೆ ತೂಗುಹಾಕಿಕೊಂಡಿದ್ದೇವೆ.

ಬಿಳಿಯ ಮೇಲೆ ನಮಗೆ ಇಷ್ಟು ಪ್ರೀತಿ ಯಾಕೆ? ಒಂದು, ಟ್ಯೂಬ್‌ಲೈಟ್. ಹಳದಿ ಬಲ್ಬು ಹೋಗಿ ಟ್ಯೂಬ್ ಪಟ್ಟಿ ಬಂತು ಅಂದರೆ ಆ ಮನೆ ಒಂದು ಮೆಟ್ಟಿಲು ಮೇಲೆ ಹೋಯಿತು ಅಂತಲೇ ಲೆಕ್ಕ ಇತ್ತು. (ಚೋಕು ಸ್ಟಾರ್ಟರ್ ಹೋಗಿ ವರ್ಷಗಳಾದವು, ಆದರೂ ಮಾತು ತಡವಾಗಿ ಅರ್ಥವಾಗುವವನನ್ನು ಈಗಲೂ ಟ್ಯೂಬ್‌ಲೈಟ್ ಅನ್ನುತ್ತೇವೆ, ಅದು ಬೇರೆ.) ಎರಡು, ವೋಲ್ಟೇಜ್. ಹಳ್ಳಿಯಲ್ಲಿ ಸಂಜೆ 230 ಇರಬೇಕಾದ ಕಡೆ 160 ಬರುತ್ತಿದ್ದ ದಿನಗಳಲ್ಲಿ ತಂತಿ ಬಲ್ಬಿನ ಬೆಳಕು ಮೂರನೇ ಒಂದಕ್ಕಿಂತ ಕಡಿಮೆಯಾಗಿ, ಕೆಂಡದ ಹಾಗೆ ಕೆಂಪಗೆ ಕಾಣುತ್ತಿತ್ತು. ಹಳದಿ ಅಂದರೆ ಮಂಕು, ಬಡತನ, ಲೋ ವೋಲ್ಟೇಜು ಅಂತ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಈಗಿನ ವಾರ್ಮ್ ವೈಟ್ ಎಲ್‌ಇಡಿಗೆ ಆ ರೋಗ ಇಲ್ಲ. ಒಳಗೆ ಕರೆಂಟನ್ನು ಪಳಗಿಸುವ ಡ್ರೈವರ್ ಚೆನ್ನಾಗಿದ್ದರೆ 160ರಲ್ಲೂ ಅಷ್ಟೇ ಬೆಳಗುತ್ತದೆ. ಮೂರನೆಯದು ಭಾಷೆಯದ್ದೇ ಇರಬಹುದು ಅಂತ ನನಗೆ ಸುಮ್ನೆ ಒಂದು ಗುಮಾನಿ. ಬೆಳಕು, ಬೆಳಗು, ಬೆಳ್ಳಿ, ಬೆಳ್ಳಗೆ, ಎಲ್ಲದಕ್ಕೂ ಬೇರು ಒಂದೇ. ಅಪ್ಪ ಹೇಳುವುದೂ ಅದನ್ನೇ: "ಬೆಳ್ಳಗಿದ್ದರೆ ತಾನೇ ಬೆಳಕು?"

ಇದೇ ಅಪ್ಪ ಮೈಸೂರಿಗೆ ಹೋದಾಗ ಭಾನುವಾರ ಸಂಜೆ ಏಳಕ್ಕೆ ಅರಮನೆ ಮುಂದೆ ನಿಂತು, ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹೊನ್ನಿನ ಬಣ್ಣದಲ್ಲಿ ಹತ್ತಿಕೊಂಡಾಗ ಬಾಯಿ ಬಿಟ್ಟು ನೋಡುತ್ತಾರೆ. ಆ ಅರಮನೆಗೆ 6500 ಹಾಕಿದರೆ ಹೇಗಿರುತ್ತದೆ ಅಂತ ಕೇಳಿದೆ. ಉತ್ತರ ಬರಲಿಲ್ಲ.

ಬಿಳಿಯಲ್ಲಿ ಜಾಸ್ತಿ ಬೆಳಕು ಬರುತ್ತದೆ ಅಂತ ಅಂಗಡಿಯವರು ಹೇಳುವುದು ಪೂರ್ತಿ ಸುಳ್ಳಲ್ಲ. ಬಿಳಿ ಎಲ್‌ಇಡಿ ಒಳಗೆ ಇರುವುದು ಅಸಲಿಗೆ ನೀಲಿ ಚಿಪ್. ಅದರ ಮೇಲೆ ಹಳದಿ ಪುಡಿಯ ಲೇಪ. ನೀಲಿಯ ಒಂದಿಷ್ಟು ಭಾಗ ಹಳದಿಯಾಗಿ, ಎರಡೂ ಸೇರಿ ಕಣ್ಣಿಗೆ ಬಿಳಿ ಕಾಣುತ್ತದೆ. ಕೆಂಪು, ಹಸಿರು ಎಲ್‌ಇಡಿ ಮೊದಲೇ ಇದ್ದವು, ನೀಲಿಯೇ ಕಷ್ಟದ್ದಾಗಿತ್ತು. ಅದನ್ನು ಮಾಡಿ ತೋರಿಸಿದ್ದಕ್ಕೆ ಅಕಾಸಾಕಿ, ಅಮಾನೋ, ನಕಾಮುರಾ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ವಾರ್ಮ್ ಬೇಕೆಂದರೆ ಲೇಪ ಜಾಸ್ತಿ ಬೇಕು, ಬಣ್ಣ ಬದಲಿಸುವಾಗ ಸ್ವಲ್ಪ ಬೆಳಕು ಸೋರಿಹೋಗುತ್ತದೆ. ವ್ಯತ್ಯಾಸ ಅಂದರೆ ಐದೋ ಹತ್ತೋ ಪರ್ಸೆಂಟ್. ಕಣ್ಣಿಗೆ ಗೊತ್ತೂ ಆಗುವುದಿಲ್ಲ.

ಸರಿ, ಅಡುಗೆಮನೆಯಿಂದ ಶುರು ಮಾಡೋಣ. ಒಳ್ಳೇ ಬೆಳಕು ನಿಜವಾಗಿ ಬೇಕಾಗುವ ಜಾಗ ಅದು, ನಮ್ಮ ಮನೆಗಳಲ್ಲಿ ಅತಿ ಕೆಟ್ಟ ಬೆಳಕು ಇರುವ ಜಾಗವೂ ಅದೇ. ಬಲ್ಬು ಬಾಗಿಲ ಮೇಲೋ ಸೂರಿನ ನಡುವೆಯೋ ಇರುತ್ತದೆ. ಒಲೆ, ಕಟ್ಟೆ ಗೋಡೆಗೆ ಅಂಟಿಕೊಂಡಿರುತ್ತವೆ. ಅಡುಗೆ ಮಾಡುವವರು ಬೆಳಕಿಗೆ ಬೆನ್ನು ಹಾಕಿ ನಿಲ್ಲಬೇಕು. ಅವರ ನೆರಳು ಈಳಿಗೆಮಣೆಯ ಮೇಲೇ ಬೀಳುತ್ತದೆ. ಇಲ್ಲಿ 9 ತೆಗೆದು 20 ವ್ಯಾಟ್ ಹಾಕಿದರೆ ನೆರಳು ಇನ್ನೂ ಗಾಢವಾಗುತ್ತದೆ ಅಷ್ಟೇ. ಕಟ್ಟೆಯ ಮೇಲಿನ ಶೆಲ್ಫಿನ ಅಡಿಗೆ ಎರಡಡಿಯ ಸಣ್ಣ ಎಲ್‌ಇಡಿ ಪಟ್ಟಿ, 8 ಅಥವಾ 10 ವ್ಯಾಟಿನದು, ಒಂದನ್ನು ಕೂರಿಸಿ. ನಾನು ಅದನ್ನು ಹಾಕಿಸಿದ ದಿನ ಅಮ್ಮ ಸೊಪ್ಪು ಬಿಡಿಸುತ್ತಾ "ಅಯ್ಯೋ, ಇಷ್ಟು ದಿನ ಎಷ್ಟು ಹುಳು ತಿಂದಿದ್ದೀವೋ" ಅಂದರು.

ಅಡುಗೆಮನೆಗೆ ಇನ್ನೊಂದು ವಿಷಯ ಮುಖ್ಯ. ಬಣ್ಣ ನಿಜವಾಗಿ ಕಾಣುತ್ತದೆಯಾ ಅನ್ನೋದು. ಇದಕ್ಕೂ ಒಂದು ಅಂಕಿ ಇದೆ, ಸಿಆರ್‌ಐ ಅಂತ ಡಬ್ಬಿಯ ಮೇಲೆ ಬರೆದಿರುತ್ತಾರೆ. ಬಿಸಿಲಿಗೆ, ಹಾಗೇ ಹಳೇ ತಂತಿ ಬಲ್ಬಿಗೆ 100. ಸಾಮಾನ್ಯ ಎಲ್‌ಇಡಿಗೆ 80. ಅಗ್ಗದ್ದರಲ್ಲಿ 70ರ ಹತ್ತಿರ. ಕಡಿಮೆ ಇದ್ದಾಗ ಮೊದಲು ಸಾಯುವುದು ಕೆಂಪು. ಟೊಮ್ಯಾಟೊ ಸಪ್ಪೆಯಾಗಿ, ಒಗ್ಗರಣೆಯ ಬ್ಯಾಡಗಿ ಮೆಣಸಿನಕಾಯಿ ಕಂದಾಗಿದೆಯೋ ಸೀದಿದೆಯೋ ಗೊತ್ತಾಗದ ಹಾಗೆ, ಮನುಷ್ಯರ ಮುಖ ಜ್ವರ ಬಂದು ಎದ್ದವರ ಹಾಗೆ ಕಾಣುತ್ತದೆ. ಸಿಆರ್‌ಐ ಅನ್ನೋ ಪದ ಗೊತ್ತಿಲ್ಲದೇ ಇದ್ದರೂ ನಮ್ಮ ಹೆಂಗಸರಿಗೆ ಈ ವಿದ್ಯೆ ಎಂದೋ ಗೊತ್ತು. ರೇಷ್ಮೆ ಸೀರೆ ಆರಿಸುವಾಗ ಅಂಗಡಿಯ ಲೈಟಿನ ಕೆಳಗೆ ನೋಡಿ ಯಾರೂ ಒಪ್ಪುವುದಿಲ್ಲ, ಬಾಗಿಲ ಹತ್ತಿರ ತಂದು ಬಿಸಿಲಿಗೆ ಸೆರಗು ಹಿಡಿದು ನೋಡುತ್ತಾರೆ. ಬಲ್ಬು ಕೊಳ್ಳುವಾಗಲೂ ಅದನ್ನೇ ಮಾಡಿ. ಅಂಗಡಿಯ ಬೋರ್ಡಿನಲ್ಲಿ ಬಲ್ಬು ಉರಿಸಿದಾಗ ಬಲ್ಬನ್ನು ನೋಡಬೇಡಿ, ಅದರ ಕೆಳಗೆ ನಿಮ್ಮ ಅಂಗೈ ಹಿಡಿದು ನೋಡಿ. ಅಂಗೈ ಕೆಂಪಗೆ, ಜೀವಂತ ಕಾಣಬೇಕು. ಬೂದಿ ಬಣ್ಣಕ್ಕೆ ತಿರುಗಿದರೆ ಬೇರೆ ತೋರಿಸಿ ಅನ್ನಿ. ಅಡುಗೆಮನೆಗೆ 4000 ಕೆಲ್ವಿನ್, ಸಿಆರ್‌ಐ 90 ಸಿಕ್ಕರೆ ಬಹಳ ಒಳ್ಳೆಯದು. 80ಕ್ಕಿಂತ ಕಡಿಮೆ ಬೇಡ.

ಹಾಲಿಗೆ ಬಂದರೆ, ಮೊದಲು ಅಳತೆ. 10 ಅಡಿಗೆ 12 ಅಡಿ ಕೋಣೆ ಅಂದರೆ 11 ಚದರ ಮೀಟರ್. 900 ಲ್ಯೂಮೆನ್ ಒಂದು ಬಲ್ಬಿನ ಬೆಳಕು ಪೂರ್ತಿ ನೆಲಕ್ಕೆ ಬಿದ್ದರೂ ಚದರ ಮೀಟರಿಗೆ 82 ಲ್ಯೂಮೆನ್ ಬರುತ್ತದೆ. ಗೋಡೆ, ಸೂರು ನುಂಗಿದ್ದು ಕಳೆದರೆ ಅರ್ಧವೂ ಉಳಿಯುವುದಿಲ್ಲ. ಆರಾಮಾಗಿ ಪೇಪರ್ ಓದಲು ಚದರ ಮೀಟರಿಗೆ 300ರಷ್ಟು ಬೇಕು. ಮಲೆನಾಡಿನ ಹಳೇ ಮನೆಗಳ ಕಪ್ಪು ಮರದ ಅಟ್ಟ, ಹೆಂಚಿನ ಮಾಡು ಇದ್ದರಂತೂ ಮೇಲೆ ಹೋದ ಬೆಳಕು ಮೇಲೇ ಹೋಯಿತು. ಅಂಥ ಮನೆಗೆ ಸುತ್ತಲೂ ಚೆಲ್ಲುವ ಬಲ್ಬಿಗಿಂತ ಬೆಳಕು ಕೆಳಗೆ ಬೀಳುವ ಬ್ಯಾಟನ್ (ಟ್ಯೂಬಿನಂಥ ಎಲ್‌ಇಡಿ ಪಟ್ಟಿ), ಅಥವಾ ತಲೆಗೆ ಟೋಪಿ ಇರುವ ಶೇಡ್ ಬೇಕು. ಬೆಳ್ಳಗೆ ಸುಣ್ಣ ಹೊಡೆದ ಸೂರಿದ್ದರೆ ಅದೇ ಅರ್ಧ ಲೈಟು.

ಆದರೆ ಹಾಲಿನ ಮೂಲೆಮೂಲೆಗೂ 300 ತುಂಬಿಸಬೇಕಾಗಿಲ್ಲ. ಬೆಳಕಿನ ಒಂದು ಗುಣ ಇದೆ, ದೂರ ಅರ್ಧ ಮಾಡಿದರೆ ಅದು ನಾಲ್ಕು ಪಟ್ಟಾಗುತ್ತದೆ. ಸೂರಿನಲ್ಲಿರುವ 20 ವ್ಯಾಟ್‌ಗಿಂತ ತಲೆಯ ಪಕ್ಕ ಎರಡಡಿ ದೂರದಲ್ಲಿರುವ 5 ವ್ಯಾಟ್ ಪುಸ್ತಕಕ್ಕೆ ಜಾಸ್ತಿ ಬೆಳಕು ಕೊಡುತ್ತದೆ. ಮಕ್ಕಳ ಓದುವ ಮೇಜಿಗೂ ಇದೇ ಮಾತು, ಅಜ್ಜಿ ಕೂತು ಅಕ್ಕಿ ಆರಿಸುವ ಜಾಗಕ್ಕೂ ಇದೇ ಮಾತು. ಅಜ್ಜಿಗಂತೂ ಇನ್ನೂ ಜಾಸ್ತಿ ಬೇಕು. ಅರವತ್ತು ದಾಟಿದವರ ಕಣ್ಣಿನ ಒಳಗೆ ತಲುಪುವ ಬೆಳಕು ಇಪ್ಪತ್ತರ ಪ್ರಾಯದವರಿಗೆ ತಲುಪುವುದರ ಮೂರನೇ ಒಂದು ಪಾಲು. "ಲೈಟ್ ಹಾಕ್ರೋ, ಕಾಣಲ್ಲ" ಅಂತ ಅವರು ಹೇಳಿದಾಗ "ಇದೆಯಲ್ಲ ಅಜ್ಜಿ, ಉರೀತಾ ಇದೆ" ಅಂತ ನಾವು ರೇಗುತ್ತೇವೆ. ಇಬ್ಬರು ಹೇಳುವುದೂ ನಿಜ.

ಈಗ ಹೊಸ ಮನೆಗಳ ಹುಚ್ಚು ಫಾಲ್ಸ್ ಸೀಲಿಂಗ್. ಹದಿನಾರು ಸ್ಪಾಟ್‌ಲೈಟು, ಸುತ್ತ ನೀಲಿ ನೇರಳೆ ಸ್ಟ್ರಿಪ್ಪು. ಗೃಹಪ್ರವೇಶದ ದಿನ ಎಲ್ಲ ಉರಿಯುತ್ತವೆ, ಆಮೇಲೆ ನಾಲ್ಕು. ನನ್ನ ಅಭಿಪ್ರಾಯ ಕೇಳಿದರೆ ಹಾಲಿಗೆ ಎರಡು ಸ್ವಿಚ್ಚು ಸಾಕು. ಒಂದು ನೆಂಟರು ಬಂದಾಗ, ಹುಡುಕಾಟ ಗುಡಿಸಾಟಕ್ಕೆ ಜೋರಾಗಿ ಉರಿಯುವ 4000ದ ಬ್ಯಾಟನ್. ಇನ್ನೊಂದು ರಾತ್ರಿ ಊಟ ಆದ ಮೇಲೆ ಕೂರಲು 3000ದ ಒಂದೆರಡು ಬಲ್ಬು. ನಿಮಗೆ ಯಾವುದು ಹಿಡಿಸುತ್ತದೆ ಅಂತ ಗೊತ್ತಿಲ್ಲದಿದ್ದರೆ ತ್ರೀ ಇನ್ ಒನ್ ಬಲ್ಬು ಒಂದು ತನ್ನಿ. ಸ್ವಿಚ್ ಆರಿಸಿ ಹಾಕಿದ ಹಾಗೆ ಬಿಳಿ, ಹಳದಿ, ನಡುವಿನದು ಅಂತ ಬದಲಾಗುತ್ತದೆ. ಒಂದು ವಾರ ಎಲ್ಲ ಕೋಣೆಯಲ್ಲೂ ಹಾಕಿ ನೋಡಿ, ಆಮೇಲೆ ಉಳಿದವು ಕೊಳ್ಳಿ.

ಮಲಗುವ ಕೋಣೆಗೆ ಚರ್ಚೆಯೇ ಬೇಡ, 2700 ಅಥವಾ 3000. ಯಾಕೆ ಅಂತ ತಿಳಿಯಲು ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಕಡೆಯ ಸೇವಂತಿಗೆ ಹೊಲ ನೋಡಬೇಕು. ರಾತ್ರಿ ಹೊತ್ತು ಸಾಲುಸಾಲಾಗಿ ಬಲ್ಬು ಉರಿಯುತ್ತಿರುತ್ತವೆ, ದೂರದಿಂದ ಜಾತ್ರೆ ಅನ್ನಿಸುತ್ತದೆ. ಸೇವಂತಿಗೆ ರಾತ್ರಿ ಉದ್ದ ಆದಾಗ ಹೂ ಬಿಡುವ ಗಿಡ. ನಡುರಾತ್ರಿ ಬೆಳಕು ಕೊಟ್ಟರೆ ಗಿಡ ಇನ್ನೂ ರಾತ್ರಿ ಚಿಕ್ಕದಿದೆ ಅಂದುಕೊಂಡು ಮೊಗ್ಗು ತಡ ಮಾಡುತ್ತದೆ, ರೈತ ಹಬ್ಬದ ರೇಟಿಗೆ ಸರಿಯಾಗಿ ಹೂ ಕೊಯ್ಯುತ್ತಾನೆ. ನಮ್ಮ ಮೈಗೂ ಅಂಥದ್ದೇ ಒಂದು ಗಡಿಯಾರ ಇದೆ. ಕಣ್ಣಿನ ಒಳಗೆ ನೋಡುವ ಕೆಲಸದ ಕೋಶಗಳಲ್ಲದೆ, ಹಗಲೋ ರಾತ್ರಿಯೋ ಅಂತ ಮಾತ್ರ ಮೆದುಳಿಗೆ ಹೇಳುವ ಬೇರೆ ಕೋಶಗಳಿವೆ, ಅವು ಎಚ್ಚರಗೊಳ್ಳುವುದು ಮುಖ್ಯವಾಗಿ ನೀಲಿ ಬೆಳಕಿಗೆ. ಜೋರು ಬಿಳಿ ಲೈಟಿನ ಕೆಳಗೆ ಹನ್ನೊಂದರವರೆಗೆ ಕೂತು "ನಿದ್ದೆ ಬರ್ತಿಲ್ಲ" ಅಂದರೆ ಸೇವಂತಿಗೆ ಗಿಡವೂ ನಗುತ್ತದೆ. ಎಲ್‌ಇಡಿಯಿಂದ ಕಣ್ಣು ಹೋಗುತ್ತದೆ ಅಂತೆಲ್ಲ ವಾಟ್ಸಾಪ್‌ನಲ್ಲಿ ಬರುವುದನ್ನು ನಂಬಬೇಡಿ. ಮನೆಬಲ್ಬಿನಿಂದ ಹಾಗಾಗುವುದಿಲ್ಲ. ನಿದ್ದೆಯ ಮಾತು ಮಾತ್ರ ನಿಜ.

ಮಲಗುವ ಕೋಣೆಯ ಜೀರೋ ಕ್ಯಾಂಡಲ್ ಬಲ್ಬಿನ ಕಥೆ ಹೇಳಲೇಬೇಕು. ಅದು ಎಂದೂ ಜೀರೋ ಆಗಿರಲಿಲ್ಲ, 10ರಿಂದ 15 ವ್ಯಾಟ್ ತಿನ್ನುತ್ತಿತ್ತು. ಹಳೇ ತಿರುಗುವ ಚಕ್ರದ ಮೀಟರು ಅಷ್ಟು ಸಣ್ಣ ಕರೆಂಟಿಗೆ ಅಲುಗುತ್ತಿರಲಿಲ್ಲ, ಹಾಗಾಗಿ ಜೀರೋ. ಈಗಿನ ಡಿಜಿಟಲ್ ಮೀಟರು ಬಿಡುವುದಿಲ್ಲ. 15 ವ್ಯಾಟಿನದು ರಾತ್ರಿಯಿಡೀ ಉರಿದರೆ ತಿಂಗಳಿಗೆ 4.5 ಯೂನಿಟ್, ಅಂದರೆ ಹಾಲಿನ ಮೂರು ಎಲ್‌ಇಡಿಗಿಂತ ಜಾಸ್ತಿ. ಅರ್ಧ ವ್ಯಾಟಿನ ಎಲ್‌ಇಡಿ ಸಿಗುತ್ತದೆ. ನೀಲಿ, ಹಸಿರು ಬೇಡ. ಕೆಂಪೋ ಹಳದಿಯೋ ತನ್ನಿ.

ಜಗುಲಿ, ಹಿತ್ತಲು, ಗೇಟಿಗೆ ವಾರ್ಮ್ ಹಾಕಲು ಬೇರೆಯೇ ಕಾರಣ. ಹುಳು. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಯ ಗೆದ್ದಲು ಎದ್ದು ಬಿಳಿ ಲೈಟಿಗೆ ಮುತ್ತಿಕೊಂಡು, ಬೆಳಗ್ಗೆ ಒಂದು ಮೊರದಷ್ಟು ರೆಕ್ಕೆ ಗುಡಿಸಿದವರಿಗೆ ಗೊತ್ತು. ಹುಳುಗಳಿಗೆ ನೀಲಿ ಬೆಳಕು, ಅದಕ್ಕೂ ಆಚೆಯ ನೇರಳೆಯಾಚೆಗಿನ ಕಿರಣ ಇಷ್ಟ. ಹಳದಿಗೆ ಬರುವುದೇ ಇಲ್ಲ ಅಂತಲ್ಲ, ಕಡಿಮೆ ಬರುತ್ತವೆ. ಮಳೆ ಎರಚುವ ಕಡೆ ಐಪಿ65 ಅಂತ ಬರೆದಿರುವ ಮುಚ್ಚಿದ ಫಿಟ್ಟಿಂಗ್ ಬೇಕು. ಬಚ್ಚಲಿಗೂ ಅಂಥದ್ದೇ ಒಳ್ಳೆಯದು, ಆವಿಗೆ ಹೋಲ್ಡರ್ ತುಕ್ಕು ಹಿಡಿಯುತ್ತದೆ.

ಹಳೇ ತಂತಿ ಬಲ್ಬಿಗೆ ಈಗ ಜಾಗವೇ ಇಲ್ಲವಾ? ಇದೆ, ಬೆಳಕಿಗಲ್ಲ, ಬಿಸಿಗೆ. ಒಂದು ದಿನದ ಕೋಳಿಮರಿ ತಂದವರು ರಟ್ಟಿನ ಪೆಟ್ಟಿಗೆಯಲ್ಲಿ 60 ವ್ಯಾಟ್ ಇಳಿಬಿಡುತ್ತಾರೆ, ಅಲ್ಲಿ ಎಲ್‌ಇಡಿ ಹಾಕಿದರೆ ಮರಿಗಳು ಬೆಳಕಲ್ಲೇ ನಡುಗುತ್ತವೆ. ಎಲೆಕ್ಟ್ರೀಷಿಯನ್‌ಗಳ ಸೀರೀಸ್ ಟೆಸ್ಟ್ ಬೋರ್ಡಿಗೂ ಅದೇ ಬೇಕು. ಸಿಎಫ್‌ಎಲ್ ಮಾತ್ರ ಇನ್ನು ಯಾರಿಗೂ ಬೇಡ. ಅದರೊಳಗೆ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಒಡೆದರೆ ಕಿಟಕಿ ತೆಗೆದು ಸ್ವಲ್ಪ ಹೊತ್ತು ಹೊರಗಿರಿ, ಆಮೇಲೆ ಪೊರಕೆ ಹಾಕದೆ ರಟ್ಟಿನಲ್ಲಿ ಬಳಿದು ಡಬ್ಬಿಗೆ ಹಾಕಿ ಮುಚ್ಚಿ. ಟ್ಯೂಬ್‌ಲೈಟಿನ ಕಥೆಯೂ ಅಷ್ಟೇ. ಪಾದರಸ ಕಡಿಮೆ ಮಾಡುವ ಮಿನಮಾಟ ಒಪ್ಪಂದದ ದೇಶಗಳು 2023ರಲ್ಲಿ ಕೂತು, 2027ರೊಳಗೆ ಅವುಗಳ ತಯಾರಿಕೆ, ಆಮದು, ರಫ್ತು ನಿಲ್ಲಿಸುವುದಾಗಿ ಒಪ್ಪಿವೆ. ಭಾರತವೂ ಆ ಒಪ್ಪಂದದಲ್ಲಿದೆ.

ಇನ್ನು ಎಲ್ಲರ ಗೋಳು: "25,000 ಗಂಟೆ ಅಂತ ಬರೆದಿತ್ತು, ಎಂಟು ತಿಂಗಳಿಗೆ ಹೋಯಿತು." ದಿನಕ್ಕೆ ಐದು ಗಂಟೆ ಅಂದರೆ 25,000 ಗಂಟೆ 13 ವರ್ಷದ ಮೇಲಾಗಬೇಕು. ಆ ಅಂಕಿ ಅಸಲಿಗೆ ಚಿಪ್ಪಿನ ಆಯಸ್ಸು, ಅದರ ಬೆಳಕು 70 ಪರ್ಸೆಂಟಿಗೆ ಇಳಿಯುವವರೆಗಿನ ಲೆಕ್ಕ. ಬಲ್ಬು ಸಾಯುವುದು ಹೆಚ್ಚಾಗಿ ಚಿಪ್ಪಿನಿಂದಲ್ಲ, ಕೆಳಗಿನ ಕುತ್ತಿಗೆಯಲ್ಲಿರುವ ಡ್ರೈವರ್‌ನಿಂದ. 230 ವೋಲ್ಟನ್ನು ಚಿಪ್ಪಿಗೆ ಬೇಕಾದಷ್ಟಕ್ಕೆ ಪಳಗಿಸುವುದು ಅದು. ಅದರೊಳಗಿನ ಕೆಪಾಸಿಟರ್ ಅನ್ನೋ ಬಿಡಿಭಾಗ ಸೆಕೆ ತಡೆದುಕೊಳ್ಳುವುದಿಲ್ಲ. ಎಲ್‌ಇಡಿ ಬಿಸಿ ಆಗಲ್ಲ ಅನ್ನೋ ನಂಬಿಕೆಯಲ್ಲಿ ನಾವು ಅದನ್ನು ಗಾಜಿನ ಮುಚ್ಚಿದ ಬುರುಡೆಯೊಳಗೆ ಹಾಕುತ್ತೇವೆ, ಅಲ್ಲಿ ಅದು ಬೆಂದುಹೋಗುತ್ತದೆ. ಅಂಥ ಶೇಡಿಗೆ ಕಡಿಮೆ ವ್ಯಾಟಿನದು ಹಾಕಿ, ಅಥವಾ ಬುರುಡೆಯನ್ನೇ ತೆಗೆಯಿರಿ. ನಾನು ಸತ್ತ ಬಲ್ಬೊಂದರ ಟೋಪಿ ಬಿಚ್ಚಿ ನೋಡಿದ್ದೆ, ಹನ್ನೆರಡು ಹಳದಿ ಚುಕ್ಕಿಗಳಲ್ಲಿ ಒಂದರ ನಡುವೆ ಮಾತ್ರ ಸಾಸಿವೆಗಿಂತ ಸಣ್ಣ ಕಪ್ಪು ಕಲೆ. ಎಲ್ಲ ಒಂದೇ ಸರದಲ್ಲಿ ಇರುವುದರಿಂದ ಒಂದು ಸುಟ್ಟರೆ ಎಲ್ಲ ಕತ್ತಲೆ. ಆ ಚುಕ್ಕಿಯನ್ನು ಕಿತ್ತು ಬೆಸುಗೆ ಹಾಕಿ ಮತ್ತೆ ಉರಿಸುವ ವಿಡಿಯೊಗಳಿವೆ. ಉರಿಯುತ್ತದೆ, ಆದರೆ ಉಳಿದವುಗಳ ಮೇಲೆ ಹೊರೆ ಬಿದ್ದು ಬೇಗ ಹೋಗುತ್ತವೆ. ಜೊತೆಗೆ ಟೋಪಿ ಇಲ್ಲದ ಬಲ್ಬಿನಲ್ಲಿ ಕರೆಂಟ್ ಬಯಲಲ್ಲೇ ಇರುತ್ತದೆ. ಮಕ್ಕಳಿರುವ ಮನೆಯಲ್ಲಿ ಖಂಡಿತ ಬೇಡ.

ಹಾಗಾದರೆ ಡಬ್ಬಿಯಲ್ಲಿ ನೋಡಬೇಕಾದ್ದೇನು? ಐಎಸ್ 16102 ಅನ್ನೋ ಸಂಖ್ಯೆ, ಅದರ ಜೊತೆ ಗುಣಮಟ್ಟ ನೋಡುವ ಕೇಂದ್ರ ಸಂಸ್ಥೆ ಬಿಐಎಸ್‌ನ ನೋಂದಣಿಯ ಆರ್ ಸಂಖ್ಯೆ. ಕರೆಂಟ್ ಉಳಿತಾಯ ನೋಡುವ ಕೇಂದ್ರ ಸಂಸ್ಥೆ ಬಿಇಇಯ ನಕ್ಷತ್ರದ ಚೀಟಿ, 2018ರ ಜನವರಿಯಿಂದ ಎಲ್‌ಇಡಿ ಬಲ್ಬಿಗೆ ಅದು ಕಡ್ಡಾಯ. ಫುಟ್‌ಪಾತಿನಲ್ಲಿ ಮೂವತ್ತು ರೂಪಾಯಿಗೆ ಮಾರುವ ಹೆಸರಿಲ್ಲದ ಬಲ್ಬಿನಲ್ಲಿ ಇದ್ಯಾವುದೂ ಇರುವುದಿಲ್ಲ. ಇನ್ನೊಂದು ಪರೀಕ್ಷೆ ನಿಮ್ಮ ಜೇಬಿನಲ್ಲೇ ಇದೆ. ಉರಿಯುವ ಬಲ್ಬನ್ನು ಮೊಬೈಲಿನ ಸ್ಲೋ ಮೋಷನ್ ವಿಡಿಯೊದಲ್ಲಿ ನೋಡಿ. ಪಟಪಟ ಮಿನುಗಿದರೆ, ಅಥವಾ ಪರದೆ ಮೇಲೆ ಕಪ್ಪು ಪಟ್ಟಿಗಳು ಹರಿದರೆ, ಡ್ರೈವರ್ ಕಳಪೆ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕೆಲವರಿಗೆ ತಲೆ ನೋಯುತ್ತದೆ.

ಸ್ವಿಚ್ ಆರಿಸಿದ ಮೇಲೂ ಬಲ್ಬು ಮಿಣಮಿಣ ಅನ್ನುತ್ತಿದ್ದರೆ ಅದು ಬಲ್ಬಿನ ತಪ್ಪಾಗಿರಲಿಕ್ಕಿಲ್ಲ. ಸ್ವಿಚ್ಚಿನಲ್ಲಿ ಸಣ್ಣ ಕೆಂಪು ಇಂಡಿಕೇಟರ್ ಇದ್ದರೆ ಅದರ ಮೂಲಕ ಚೂರು ಕರೆಂಟ್ ಸೋರುತ್ತದೆ, ಅದು ತೊಂದರೆಯಲ್ಲ. ಇಂಡಿಕೇಟರ್ ಇಲ್ಲದೆಯೂ ಮಿನುಗಿದರೆ ವೈರಿಂಗ್ ಮಾಡಿದವರು ಫೇಸಿನ ಬದಲು ನ್ಯೂಟ್ರಲ್‌ಗೆ ಸ್ವಿಚ್ ಕೊಟ್ಟಿರಬಹುದು. ಅಂದರೆ ಸ್ವಿಚ್ ಆರಿಸಿದಾಗಲೂ ಹೋಲ್ಡರ್‌ನಲ್ಲಿ ಕರೆಂಟ್ ಇರುತ್ತದೆ. ಬಲ್ಬು ಬದಲಿಸಲು ಕೈ ಹಾಕುವ ಮೊದಲು ಮೇನ್ ಆರಿಸಿ, ಎಲೆಕ್ಟ್ರೀಷಿಯನ್ ಕರೆಸಿ. ಹಳೇ ತಂತಿ ಬಲ್ಬು ಈ ತಪ್ಪನ್ನು ಎಷ್ಟೋ ವರ್ಷ ಮುಚ್ಚಿಟ್ಟಿತ್ತು. ಎಲ್‌ಇಡಿ ಬಯಲು ಮಾಡಿತು.

ಕರೆಂಟ್ ಹೋದಾಗ ತಾನೇ ಉರಿಯುವ ಇನ್ವರ್ಟರ್ ಬಲ್ಬು ಎಲ್ಲ ಕಡೆ ಬೇಡ, ಮೆಟ್ಟಿಲು, ಬಚ್ಚಲು, ಅಡುಗೆಮನೆ, ಮೂರು ಸಾಕು. ಸ್ವಿಚ್ ಹಾಕೇ ಇರಬೇಕು, ಇಲ್ಲದಿದ್ದರೆ ಬ್ಯಾಟರಿ ತುಂಬುವುದೂ ಇಲ್ಲ, ಕತ್ತಲಲ್ಲಿ ಉರಿಯುವುದೂ ಇಲ್ಲ. ಅಮೆರಿಕದಿಂದ ಬರುವ ನೆಂಟರು ತರುವ ಚಂದದ ಟೇಬಲ್ ಲ್ಯಾಂಪಿನ ಬಲ್ಬನ್ನು ನೋಡದೇ ಉರಿಸಬೇಡಿ, ಅಲ್ಲಿಯದು 120 ವೋಲ್ಟಿನದು, ಜೊತೆಗೆ ತಿರುಪಿನ ಇ26 ತಳ. ನಮ್ಮದು ಎರಡು ಕಿವಿಯ ಬಿ22. ತಿರುಪಿನ 230 ವೋಲ್ಟಿನ ಬಲ್ಬು ಇಲ್ಲೂ ಸಿಗುತ್ತದೆ.

ದೇವರಮನೆಗೆ ಏನು ಅಂತ ಕೇಳಿದರೆ, ಅಲ್ಲಿ ನಂದಾದೀಪ ಇದೆ. ಅದರ ಪಕ್ಕ 6500 ಹಾಕಿದರೆ ದೀಪ ಉರಿಯುತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. 2700ರ 3 ವ್ಯಾಟ್, ಮೂರ್ತಿಯ ಮೇಲೆ ಬೀಳುವ ಹಾಗೆ, ಕಣ್ಣಿಗೆ ಬಲ್ಬು ಕಾಣದ ಹಾಗೆ.

ನಮ್ಮ ಮನೆಯಲ್ಲಿ ಅಡುಗೆಮನೆ, ದೇವರಮನೆ, ಮಲಗುವ ಕೋಣೆ ಎಲ್ಲ ಬದಲಾಗಿವೆ. ಹಾಲಿನದು ಮಾತ್ರ ತೀರ್ಮಾನ ಆಗಿಲ್ಲ. ಎರಡು ಸ್ವಿಚ್ಚು ಹಾಕಿಸಿದ್ದೇನೆ, ಒಂದು ಅಪ್ಪನ ಬಿಳಿ, ಒಂದು ಅಮ್ಮನ ಹಳದಿ. ಸಂಜೆ ಮೊದಲು ಬಂದು ಕೂತವರದ್ದು ಉರಿಯುತ್ತದೆ. ನ್ಯೂಸ್ ಶುರುವಾಗುವ ಹೊತ್ತಿಗೆ ಅಪ್ಪ ಎದ್ದುಹೋಗಿ ಬಿಳಿಯನ್ನೂ ಹಾಕುತ್ತಾರೆ. "ಎರಡೂ ಯಾಕೆ, ಯೂನಿಟ್ ಹೋಗುತ್ತೆ" ಅಂತ ಅಮ್ಮ ಒಳಗಿಂದ ಕೂಗುತ್ತಾರೆ. ಗೀಸರ್ ಲೆಕ್ಕ ಅವರಿಗೆ ಇನ್ನೂ ಹೇಳಿಲ್ಲ.